ಅಚ್ಚಾಗಬಾರದ ಸಾಲುಗಳು

ಬೆಳಿಗ್ಗೆ ಕೋಣೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಆಕೆ ಮಾಡುವ ಮೊದಲ ಕೆಲಸ, ಅಂದಿನ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ ಸ್ಟೀಲ್ ಸ್ಕೇಲಿನಿಂದ ಅದರ ಅಂಚುಗಳನ್ನು ಅಳೆಯುವುದು. ಸುದ್ದಿ ಓದುತ್ತಿರಲಿಲ್ಲ. ಸುದ್ದಿ ದಿನವೂ ಒಂದೇ, ಅಂಚು ಮಾತ್ರ ದಿನಕ್ಕೊಂದು ಬಗೆಯಲ್ಲಿ ಕೆಡುತ್ತದೆ ಎಂಬುದು ಆಕೆಯ ಅಭಿಪ್ರಾಯ. ಎಡ ಅಂಚು, ಬಲ ಅಂಚು, ಕಾಲಂಗಳ ನಡುವಿನ ಸಂದು ಎಲ್ಲವನ್ನೂ ಅಳೆದು, ಯಾವುದಾದರೂ ಸಾಲಿನಲ್ಲಿ ಪದಗಳು ಹಲ್ಲು ಉದುರಿದ ಬಾಯಿಯ ಹಾಗೆ ದೂರ ದೂರ ಕೂತಿದ್ದರೆ ಅದಕ್ಕೊಂದು ಕೆಂಪು ಸುತ್ತು ಹಾಕುತ್ತಿದ್ದಳು. ಆಮೇಲೆ "ಥೂ, ಇದಕ್ಕೂ ಸಂಬಳ ತಗೊಳ್ತಾರೆ" ಎಂದು ಪತ್ರಿಕೆಯನ್ನು ಮಡಚಿ ಬುಟ್ಟಿಗೆ ಎಸೆದರೆ ದಿನ ಶುರುವಾದಂತೆ. ಮೈಯಲ್ಲಿ ಜ್ವರವಿದ್ದರೂ, ಕರೆಂಟ್ ಹೋಗಿದ್ದರೂ ಇದು ತಪ್ಪಿದ್ದಿಲ್ಲ. ಬೇರೆಯವರು ಕೈಮುಗಿದು ದಿನ ಶುರು ಮಾಡಿದರೆ ಈಕೆ ಮೂಗು ಮುರಿದು ಶುರು ಮಾಡುತ್ತಾಳೆ ಎಂದು ಕೆಳಗಿನ ಅಂತಸ್ತಿನಲ್ಲಿ ಪುಸ್ತಕ ಕಟ್ಟುವ ಬೈಂಡರ್ ಆಡಿಕೊಳ್ಳುತ್ತಿದ್ದ. ಮೂಗುಮುರುಕಿ ಎಂದು ಹೆಸರಿಟ್ಟವನೂ ಅವನೇ. ಎದುರಿಗೆ 'ಅಕ್ಕಾ', ಬೆನ್ನ ಹಿಂದೆ 'ಮೂಗುಮುರುಕಿ'. ಅದು ಆಕೆಯ ಕಿವಿಗೂ ಬಿದ್ದಿತ್ತು. "ಹೆಸರು ಚೆನ್ನಾಗಿದೆ, ನಿನ್ನ ಬೈಂಡಿಂಗಿಗಿಂತ ಗಟ್ಟಿಯಾಗಿದೆ" ಎಂದು ಅವನಿಗೇ ಹೇಳಿದ್ದಳು.

ಕೋಣೆ ಮುದ್ರಣಾಲಯದ ಮಹಡಿಯ ಮೇಲಿತ್ತು. ಕೆಳಗೆ ದೊಡ್ಡ ಯಂತ್ರ ಓಡತೊಡಗಿದರೆ ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ಕಿಟಕಿಯ ಒಡೆದ ಗಾಜಿನ ಜಾಗದಲ್ಲಿ ಯಾವುದೋ ಹಳೆಯ ಪುಸ್ತಕದ ರಟ್ಟು. ಶಾಯಿಯ ವಾಸನೆ, ಅಂಟಿನ ವಾಸನೆ ಎರಡೂ ಮರದ ಮೆಟ್ಟಿಲು ಹತ್ತಿ ಬಂದು ಪರದೆಗಳಲ್ಲಿ ಸೇರಿಕೊಂಡಿದ್ದವು. ಗೋಡೆಗೆ ಒರಗಿಸಿದ ಮೇಜು, ಅದರ ಮೇಲೊಂದು ಕಂಪ್ಯೂಟರ್, ಮುಂದೆ ಸೀಟು ಹರಿದು ದಿಂಬು ಹಾಕಿಕೊಂಡ ಕುರ್ಚಿ. ಬಂದವರಿಗೆ ಒಂದು ಸ್ಟೂಲು. ಸ್ಟೂಲಿನ ಒಂದು ಕಾಲು ಗಿಡ್ಡ. ಅದನ್ನು ಆಕೆ ಬೇಕೆಂದೇ ಸರಿಮಾಡಿಸಿರಲಿಲ್ಲ, ಬಂದವರು ಬೇಗ ಏಳಲಿ ಎಂದು.

ಜನ ತರುವ ಬರಹವನ್ನು ಆಕೆ ಮೊದಲು ಬೋಳಿಸುತ್ತಿದ್ದಳು. ಬಣ್ಣ, ಹೂಬಳ್ಳಿ, ಅಡಿಗೆರೆ, ಬಾಗಿದ ಅಕ್ಷರ, ದಪ್ಪ ಅಕ್ಷರ ಎಲ್ಲವನ್ನೂ ಕಿತ್ತುಹಾಕಿ ಬರೀ ಅಕ್ಷರಗಳ ಒಂದು ಸಾದಾ ಫೈಲು ಮಾಡಿಕೊಳ್ಳುವುದು. ಅದರೊಳಗೆ ತನ್ನ ಗುರುತುಗಳನ್ನು ಹಾಕುವುದು: ಅಧ್ಯಾಯದ ಹೆಸರಿನ ಮುಂದೆ ಒಂದು ಹ್ಯಾಶ್, ಒಳತಲೆಬರಹದ ಮುಂದೆ ಎರಡು, ಒತ್ತಿ ಹೇಳಬೇಕಾದ ಮಾತಿನ ಎರಡು ಬದಿಗೂ ನಕ್ಷತ್ರ. ನೋಡಿದವರಿಗೆ ಇರುವೆಗಳು ಮುತ್ತಿದ ಕಾಗದದ ಹಾಗೆ ಕಾಣುತ್ತಿತ್ತು. ಆಮೇಲೆ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದು ಸಾಲಿನ ಆಜ್ಞೆ ಬರೆದು ಎಂಟರ್ ಒತ್ತಿದರೆ ಆ ಬೋಳು ಫೈಲೇ ಅಚ್ಚಿಗೆ ಸಿದ್ಧವಾದ ಪಿಡಿಎಫ್ ಆಗಿ ಹೊರಬರುತ್ತಿತ್ತು. ಅಂಚು ಅಂಚಿನ ಜಾಗದಲ್ಲಿ, ಪುಟಸಂಖ್ಯೆ ಅದರ ಜಾಗದಲ್ಲಿ, ಕಾಗದ ಕತ್ತರಿಸುವವನಿಗೆ ಮೂಲೆಮೂಲೆಯಲ್ಲಿ ಗುರುತು. ಒತ್ತಕ್ಷರಗಳು ಕೂಡ ತಾಯಿಯ ಸೊಂಟ ಬಿಡದ ಮಕ್ಕಳ ಹಾಗೆ ತಮ್ಮ ತಮ್ಮ ಅಕ್ಷರಗಳಿಗೆ ಅಂಟಿಕೊಂಡು ಬರುತ್ತಿದ್ದವು. ಈ ಪ್ರೋಗ್ರಾಮನ್ನು ಹಿಂದೆ ಅದೇ ಕುರ್ಚಿಯಲ್ಲಿ ಕೂರುತ್ತಿದ್ದ ಒಬ್ಬ ಮುಂಗೋಪಿ ಮುದುಕ ಬರೆದು, ಈಕೆಗೆ ಕಲಿಸಿ, ಕೆಲಸ ಬಿಟ್ಟು ಹೋಗಿದ್ದ. ಮುಂಗೋಪವನ್ನೂ ಜೊತೆಗೇ ಕಲಿಸಿದ ಎಂದು ಜನ ಹೇಳುತ್ತಿದ್ದರು.

ಸ್ಪೇಸ್ ಬಾರ್ ಒತ್ತಿ ಒತ್ತಿ ಶೀರ್ಷಿಕೆಯನ್ನು ಪುಟದ ನಡುವಿಗೆ ತಳ್ಳಿಕೊಂಡು ಬರುವವರನ್ನು ಕಂಡರೆ ಆಕೆಗೆ ಮೈ ಉರಿಯುತ್ತಿತ್ತು. ಅಂಥವರಲ್ಲಿ ಓದಿದವರೂ ಇದ್ದರು, ಓದದವರೂ ಇದ್ದರು. ತಾತ್ಸಾರದ ವಿಷಯದಲ್ಲಿ ಆಕೆ ಭೇದ ಮಾಡಿದವಳಲ್ಲ. ಒಮ್ಮೆ ಒಬ್ಬ ಉಪನ್ಯಾಸಕರು ಪೆನ್‌ಡ್ರೈವ್ ಹಿಡಿದು ಬಂದರು.

"ಮೇಡಂ, ಎಲ್ಲಾ ರೆಡಿ ಇದೆ. ನೀವು ಸುಮ್ನೆ ಪಿಡಿಎಫ್ ಮಾಡಿಕೊಟ್ರೆ ಸಾಕು."

"ರೆಡಿ ಇದ್ರೆ ನನ್ನ ಹತ್ರ ಯಾಕೆ ತಂದ್ರಿ?"

"ಅಲ್ಲ, ಸ್ವಲ್ಪ ಅಂದವಾಗಿ ಕಾಣ್ಲಿ ಅಂತ."

"ಹಾಗಾದ್ರೆ ರೆಡಿ ಇಲ್ಲ ಅನ್ನಿ. ಬಿಟ್ಟು ಹೋಗಿ, ಮೊದಲು ಇದಕ್ಕೆ ಸ್ನಾನ ಮಾಡಿಸ್ಬೇಕು."

ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಕಳಿಸುತ್ತಾನೆ. ಈಕೆಗೆ ಕಣ್ಣನ್ನು ಧಾರಾಳವಾಗಿ ಕೊಟ್ಟು, ಕರುಣೆಯನ್ನು ಆಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಿದ್ದ. ಆದರೂ ಆಕೆಯ ಕೈಯಿಂದ ಹೊರಟ ಪುಟ ನೋಡಿದವರು ಎರಡನೇ ಸಲ ಬೈಸಿಕೊಳ್ಳಲು ತಾವಾಗಿಯೇ ಬರುತ್ತಿದ್ದರು. ಅದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ಆ ಪ್ರೋಗ್ರಾಮಿಗೆ ಒಂದು ಗುಣವಿತ್ತು. ಶೇಕಡಾ ಗುರುತಿನಿಂದ ಶುರುವಾದ ಸಾಲನ್ನು ಅದು ಅಚ್ಚಿಗೆ ಬಿಡುತ್ತಿರಲಿಲ್ಲ, ಕಾಣದವರ ಹಾಗೆ ದಾಟಿಹೋಗುತ್ತಿತ್ತು. 'ಇಲ್ಲಿ ಚಿತ್ರ ಬರಬೇಕು', 'ಈ ಕೋಷ್ಟಕ ಇನ್ನೊಮ್ಮೆ ನೋಡು' ಎಂದು ಕೆಲಸ ಮಾಡುವವರು ತಮ್ಮ ನೆನಪಿಗೆ ಬರೆದುಕೊಳ್ಳಲಿ ಎಂದು ಮುದುಕ ಮಾಡಿಟ್ಟ ಸೌಕರ್ಯ ಅದು. ಆಕೆಯೂ ಮೊದಮೊದಲು ಅಷ್ಟಕ್ಕೇ ಬಳಸಿದಳು. ಬರಬರುತ್ತಾ, ಬಂದವರ ಎದುರಿಗೆ ಹೇಳಿಯೂ ಮುಗಿಯದೆ ಉಳಿದದ್ದನ್ನು ಅಲ್ಲಿ ಸುರಿಯತೊಡಗಿದಳು. ಒಂದು ಸಾಲು ಓದುವುದು, ಹಲ್ಲು ಕಚ್ಚುವುದು, ಶೇಕಡಾ ಗುರುತು ಹಾಕಿ ಅದರ ಮುಂದೆ ಮನಸ್ಸಿಗೆ ಬಂದದ್ದನ್ನು ಬರೆದು ಹಗುರಾಗುವುದು. ಪಿಡಿಎಫ್ ಅಂತೂ ಸ್ವಚ್ಛವಾಗಿಯೇ ಬರುತ್ತಿತ್ತು. ಸಿಡುಕು ಬೋಳು ಫೈಲಿನಲ್ಲೇ ಉಳಿಯುತ್ತಿತ್ತು. ಆ ಫೈಲನ್ನು ಆಕೆಯನ್ನು ಬಿಟ್ಟು ಬೇರೆ ಯಾರೂ ತೆರೆದಿರಲಿಲ್ಲ. ತೆರೆದರೂ ಆ ಇರುವೆ ಸಾಲು ಅರ್ಥವಾಗುವವರು ಆ ಕಟ್ಟಡದಲ್ಲಿ ಇರಲಿಲ್ಲ ಎಂಬುದು ಆಕೆಯ ಗಟ್ಟಿ ನಂಬಿಕೆ.

ಮಾಲೀಕರ ಭಾವಮೈದುನ ಆ ಕಟ್ಟಡಕ್ಕೆ ಕಾಲಿಟ್ಟದ್ದು ಹೀಗಿರುವಾಗ. ಅವನು ಹಿಂದೆ ಏನು ಮಾಡುತ್ತಿದ್ದ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೇಳಿದರೆ "ಮಾರ್ಕೆಟಿಂಗು" ಎನ್ನುತ್ತಿದ್ದ. ಯಾವ ಮಾತು ತೆಗೆದರೂ "ಒಂದೇ ಬಟನ್, ಮುಗೀತು" ಎಂದು ಚಿಟಿಕೆ ಹೊಡೆಯುವುದು ಅವನ ಅಭ್ಯಾಸ. ಹೀಗಾಗಿ ಬೈಂಡರ್ ಅವನಿಗೆ ಬಟನ್ ಭಾವ ಎಂದು ನಾಮಕರಣ ಮಾಡಿದ. ಬಟನ್ ಭಾವ ತನ್ನ ಲ್ಯಾಪ್‌ಟಾಪಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡಿದ್ದ. ಯಾವ ಫೈಲು ಕೊಟ್ಟರೂ ಪಿಡಿಎಫ್ ಮಾಡುತ್ತದಂತೆ.

"ಅಕ್ಕಾ, ನೀವು ಒಂದು ವಾರ ಕೂತು ಮಾಡೋದನ್ನ ನಂದು ಟೀ ಕುಡಿಯೋದ್ರಲ್ಲಿ ಮಾಡುತ್ತೆ."

"ಟೀ ಎಷ್ಟು ಹೊತ್ತು ಕುಡೀತೀಯ ಅನ್ನೋದು ನನಗೂ ಗೊತ್ತು ಬಿಡಪ್ಪ."

"ಒಂದ್ಸಲ ನೋಡಿ ಅಂತೀನಿ. ಒಂದೇ ಬಟನ್."

"ಅಂಗಿಗೆ ಆದ್ರೂ ಎಲ್ಲಾ ಬಟನ್ ಹಾಕ್ಕೊಂಡು ಬಾ ಮೊದಲು."

ಬೈಂಡರ್ ನಕ್ಕ. ಬಟನ್ ಭಾವ ನಗಲಿಲ್ಲ. ಅಂದಿನಿಂದ ಅವನ ಕಣ್ಣು ಆ ಕುರ್ಚಿಯ ಮೇಲೆ ಬಿತ್ತು. ಮಹಡಿಯ ಕೋಣೆಗೆ ಬೇರೆಯೇ ಒಬ್ಬ ಹೆಂಗಸು, ಬೇರೆಯೇ ಒಂದು ಕಂಪ್ಯೂಟರ್ ಏತಕ್ಕೆ ಎಂದು ಮಾಲೀಕರ ಕಿವಿ ಕಚ್ಚತೊಡಗಿದ. ಮಾಲೀಕರು ಕೆಟ್ಟವರಲ್ಲ. ಆದರೆ ಕೊನೆಗೆ ಯಾರು ಮಾತಾಡುತ್ತಾರೋ ಅವರ ಮಾತು ಸರಿ ಎನಿಸುವ ಸ್ವಭಾವ. ಕೊನೆಗೆ ಮಾತಾಡುವವನು ಮನೆಯಲ್ಲೇ ಊಟಕ್ಕೆ ಕೂರುತ್ತಿದ್ದ. ಈ ಕುರ್ಚಿ ಹೋದರೆ ತನ್ನ ಇರುವೆ ಸಾಲು ಬೇರೆ ಯಾವ ಮುದ್ರಣಾಲಯಕ್ಕೂ ಬೇಕಾಗುವುದಿಲ್ಲ ಎಂಬುದು ಆಕೆಗೆ ಗೊತ್ತಿತ್ತು. ಆಕೆಗೆ ಬರುತ್ತಿದ್ದದ್ದು ಅದೊಂದೇ.

ಆ ದಿನಗಳಲ್ಲೇ ದೊಡ್ಡ ಆಸ್ಪತ್ರೆಯಿಂದ ನಿವೃತ್ತರಾದ ಹೆಡ್ ನರ್ಸ್ ಒಬ್ಬರು ಒಂದು ಪುಸ್ತಕ ತಂದರು. ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಎಂದು ತಿಳಿಸುವ ಪುಸ್ತಕ. ಆಸ್ಪತ್ರೆಯವರು ಒಪ್ಪಿದರೆ ಅದನ್ನು ಅಚ್ಚುಹಾಕಿಸಿ, ಮನೆಗೆ ಹೊರಟ ಪ್ರತಿ ರೋಗಿಯ ಕಡೆಯವರಿಗೂ ಒಂದೊಂದು ಕೊಡುವವರಿದ್ದರು. ಎಲ್ಲರೂ ಅವರನ್ನು ಸಿಸ್ಟರ್ ಎನ್ನುತ್ತಿದ್ದರು. ಭಾರೀ ಮೈಯಿನ, ನಿಧಾನ ಮಾತಿನ ಹೆಂಗಸು. ಕಾಲು ಗಿಡ್ಡವಾದ ಸ್ಟೂಲಿನ ಮೇಲೆ ಕೂತು ಅಲುಗದೆ, ಪ್ರತಿ ಪುಟಕ್ಕೂ ಒಬ್ಬೊಬ್ಬ ರೋಗಿಯ ಕಥೆ ಹೇಳುತ್ತಿದ್ದರು. ಸ್ಟೂಲು ಸೋತಿತು, ಸಿಸ್ಟರ್ ಏಳಲಿಲ್ಲ.

ಅವರ ಬರವಣಿಗೆಯೂ ಹಾಗೆಯೇ ಇತ್ತು. ಒಂದು ವಾಕ್ಯ ಶುರುವಾದರೆ ನೀರು ಕಾಯಿಸಿ, ಬಟ್ಟೆ ಅದ್ದಿ, ಹಿಂಡಿ, ರೋಗಿಯ ಬೆನ್ನು ಒರೆಸಿ, ಅವನ ಬಾಲ್ಯ ವಿಚಾರಿಸಿ ಆಮೇಲೆಯೇ ಪೂರ್ಣವಿರಾಮ. ಎಲ್ಲವನ್ನೂ 'ಪ್ರೀತಿಯಿಂದ' ಮಾಡಬೇಕು: ಪ್ರೀತಿಯಿಂದ ಮಗ್ಗುಲು ಬದಲಿಸಿ, ಪ್ರೀತಿಯಿಂದ ಉಗುರು ಕತ್ತರಿಸಿ. ಮೂಗುಮುರುಕಿಯ ಶೇಕಡಾ ಗುರುತುಗಳಿಗೆ ಹಬ್ಬವಾಯಿತು.

% ಇಷ್ಟು ಹೊತ್ತಿಗೆ ರೋಗಿ ಗುಣವಾಗಿ ಎದ್ದು ಹೋಗಿರುತ್ತಾನೆ. ವಾಕ್ಯ ಇನ್ನೂ ಮಲಗಿದೆ.

% ಮತ್ತೆ ಪ್ರೀತಿ. ಉಪ್ಪಿನ ಡಬ್ಬಿಯ ಮುಚ್ಚಳ ಬಿಚ್ಚಿಹೋಗಿದೆ.

% ಇದನ್ನು ಆಗಲೇ ಹೇಳಿಯಾಗಿದೆ. ಮರೆವಿನ ಕಾಯಿಲೆ ಯಾರಿಗೆ?

% ಹಾಸಿಗೆಯ ಹೊದಿಕೆ ಬದಲಿಸಲು ಒಂದು ಇಡೀ ಪುಟ. ಹಾಸಿಗೆಯನ್ನೇ ಹೊಲಿಯಬಹುದಿತ್ತು.

% ಎತ್ತುವಾಗ ಕೈ ಹೆಗಲ ಕೆಳಗೋ, ಕಂಕುಳಿಗೋ? ಹೇಳದಿದ್ದರೆ ಓದಿದ ದಡ್ಡ ತೋಳು ಕಿತ್ತು ಕೈಗೆ ಕೊಡುತ್ತಾನೆ.

ಪುಸ್ತಕ ಮುಕ್ಕಾಲು ಆಗಿತ್ತು. ಔಷಧಿಯ ಕೋಷ್ಟಕವೊಂದು ಪುಟದ ಅಂಚು ದಾಟಿ ಹೊರಕ್ಕೆ ಚಾಚಿಕೊಂಡಿದ್ದರಿಂದ ಆಕೆ ಅದರೊಡನೆ ಗುದ್ದಾಡುತ್ತಿದ್ದಳು. ಅಂದು ಮಧ್ಯಾಹ್ನ ಕನ್ನಡಕ ಬದಲಿಸಿಕೊಂಡು ಬರಲು ಹೊರಗೆ ಹೋದಳು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು. ಪುಸ್ತಕ ಒಪ್ಪಬೇಕಾದ ಸಮಿತಿಯ ಸಭೆ ಇವತ್ತೇ ಇದೆ, ಆಗಿರುವಷ್ಟರ ಪ್ರೂಫ್ ಕಳಿಸಿ ಎಂದು.

"ಆಕೆ ಬರ್ಲಿ" ಎಂದರು ಮಾಲೀಕರು.

"ಆಕೆ ಯಾಕೆ ಭಾವ? ಫೈಲು ಅಲ್ಲೇ ಇದೆ. ಒಂದೇ ಬಟನ್."

ಬಟನ್ ಭಾವ ಮಹಡಿ ಹತ್ತಿ, ಬೋಳು ಫೈಲನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು, ಬಟನ್ ಒತ್ತಿದ. ಹ್ಯಾಶ್ ಎಂದರೆ ಅಧ್ಯಾಯ ಎಂಬುದು ಅವನ ಸಾಫ್ಟ್‌ವೇರಿಗೆ ಗೊತ್ತಿತ್ತು, ನಕ್ಷತ್ರವೂ ಗೊತ್ತಿತ್ತು. ಶೇಕಡಾ ಗುರುತು ಮಾತ್ರ ಮುದುಕ ಮಾಡಿಕೊಂಡ ನಿಯಮ, ಮನೆಯೊಳಗಿನ ಸನ್ನೆ, ಹೊರಗಿನವರಿಗೆ ಗೊತ್ತಿಲ್ಲದ್ದು. ಸಾಫ್ಟ್‌ವೇರು ಎಲ್ಲ ಸಾಲುಗಳನ್ನೂ ಸಮನಾಗಿ ಕಂಡು ಅಚ್ಚಿಗಿಳಿಸಿತು. ಬಟನ್ ಭಾವ ಒಂದು ಪುಟವನ್ನೂ ಓದಲಿಲ್ಲ. ಓದುವುದು ಅವನ ಮಟ್ಟಿಗೆ ಗಿರಾಕಿಗಳು ಮಾಡುವ ಕೆಲಸ. ಸುರುಳಿ ಕಂಬಿ ಹಾಕಿಸಿದ ಪ್ರತಿಗಳು ಆಸ್ಪತ್ರೆಗೂ ಸಿಸ್ಟರ್ ಮನೆಗೂ ಹೋದವು.

ಹೊಸ ಕನ್ನಡಕದಲ್ಲಿ ಆಕೆ ಮೊದಲು ನೋಡಿದ ವಸ್ತು ಮೇಜಿನ ಮೇಲೆ ಉಳಿದ ಒಂದು ಪ್ರತಿ. ತೆರೆದ ಕೂಡಲೇ ಮುಖ ಕಿವುಚಿದಳು.

"ಒಳ ಅಂಚು ಎಲ್ಲಿ? ಅಕ್ಷರ ಕಂಬಿಯೊಳಗೆ ಹೋಗಿ ಸೇರಿಕೊಂಡಿದೆ. ಒತ್ತಕ್ಷರ ನೋಡು, ಜಾತ್ರೇಲಿ ಕೈತಪ್ಪಿದ ಮಕ್ಕಳ ಹಾಗೆ ಎಲ್ಲೆಲ್ಲೋ ನಿಂತಿವೆ. ಇದನ್ನ ಯಾವ ಕತ್ತೆ ಮಾಡಿದ್ದು?"

"ಕತ್ತೆ ಹೊರಗೆ ಟೀ ಕುಡೀತಾ ಇದೆ" ಎಂದ ಬೈಂಡರ್. ಆಮೇಲೆ ದನಿ ತಗ್ಗಿಸಿ, "ಅಕ್ಕಾ, ಅಂಚು ಇರ್ಲಿ. ನಡುವಿನ ಸಾಲು ಓದಿ" ಎಂದ.

ಆಕೆ ಓದಿದಳು. ತನ್ನದೇ ಮಾತು, ಸಿಸ್ಟರ್ ಮಾತಿನಷ್ಟೇ ದಪ್ಪವಾಗಿ, ಪಕ್ಕಪಕ್ಕದಲ್ಲಿ ಕೂತಿತ್ತು. ಪುಟ ತಿರುಗಿಸಿದಳು. ಅಲ್ಲೂ ಇತ್ತು. ಮೂಗುಮುರುಕಿ ಆಗ ಮೂಗು ಮುರಿಯಲಿಲ್ಲ. ಸ್ಟೂಲಿನ ಮೇಲೆ ಕೂತಳು. ತಾನು ಆ ಸ್ಟೂಲಿನ ಮೇಲೆ ಕೂತದ್ದು ಅದೇ ಮೊದಲು.

ಸಂಜೆಯೊಳಗೆ ಮಾಲೀಕರು ಕರೆಸಿದರು. ಸಮಿತಿಯಲ್ಲಿ ಒಬ್ಬ ಡಾಕ್ಟರು ನಕ್ಕು ನಕ್ಕು ಕಣ್ಣೊರೆಸಿಕೊಂಡರಂತೆ. ಇನ್ನೊಬ್ಬರು ಈ ಮುದ್ರಣಾಲಯಕ್ಕೆ ಇನ್ನು ಒಂದು ಚೀಟಿಯನ್ನೂ ಕೊಡಕೂಡದು ಎಂದರಂತೆ. ಕೊನೆಗೆ, ಪುಸ್ತಕ ಸಿಸ್ಟರದು, ಅವರು ಏನು ಹೇಳುತ್ತಾರೋ ಹಾಗೆ ಎಂದು ಸಭೆ ಮುಗಿಯಿತಂತೆ.

"ಏನಮ್ಮ ಇದು? ನಾನು ನಿಮ್ಮನ್ನ ಎಷ್ಟು ನಂಬಿದ್ದೆ."

"ಸಮಿತಿಗೆ ಪ್ರೂಫ್ ಕಳ್ಸಿದ್ದು ನಾನಲ್ಲ."

"ಬರ್ದಿದ್ದು ಯಾರು?"

ಬಟನ್ ಭಾವ ಬಾಗಿಲಿಗೆ ಒರಗಿ ನಿಂತಿದ್ದ. "ನನ್ನ ಸಾಫ್ಟ್‌ವೇರು ಇದ್ದಿದ್ದನ್ನ ಇದ್ದ ಹಾಗೆ ತೋರಿಸ್ತು ಭಾವ. ಅದು ಸುಳ್ಳು ಹೇಳಲ್ಲ" ಎಂದ. ತಾನು ಮಾಡಿದ ಎಡವಟ್ಟನ್ನು ಸತ್ಯಸಂಧತೆಯ ಹೆಸರಿನಲ್ಲಿ ಮಾರುವ ಚಾಕಚಕ್ಯತೆ ಅವನಿಗಿತ್ತು. ಮಾರ್ಕೆಟಿಂಗು ಅಂದರೆ ಅದೇ ಇರಬೇಕು.

"ನಾಳೆ ಬೆಳಿಗ್ಗೆ ಸಿಸ್ಟರ್ ಬರ್ತಾರೆ" ಎಂದರು ಮಾಲೀಕರು. "ಅವರಿಗೆ ನೋವಾಗಿದ್ರೆ ಆಸ್ಪತ್ರೆ ಕೆಲಸ ಹೋಗುತ್ತೆ, ನೀವೂ ಹೋಗ್ತೀರ. ಮೇಲಿನ ಕೋಣೆ ಇವನಿಗೆ ಕೊಡ್ತೀನಿ."

ಮನೆಯ ಮುಂದಿನ ಕೋಣೆಯಲ್ಲಿ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಅವನು ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವ ಕಲೆ ಅವನಿಗೆ ಒಲಿದಿತ್ತು.

"ಏನು ಮಹಾರಾಣಿ, ಇವತ್ತು ಯಾರ ಚರ್ಮ ಸುಲಿದು ಬಂದೆ?"

ಆಕೆ ಸುರುಳಿ ಕಂಬಿಯ ಪ್ರತಿಯನ್ನು ಅವನ ಮುಂದಿಟ್ಟಳು. ಅವನು ಸೂಜಿಗಳನ್ನು ತೆಗೆದಿಟ್ಟು ಓದತೊಡಗಿದ. ಉಪ್ಪಿನ ಡಬ್ಬಿಗೆ ನಕ್ಕ. ಮಲಗಿದ ವಾಕ್ಯಕ್ಕೆ ನಗು ತಡೆಯಲಾರದೆ ಕೆಮ್ಮಿದ. ಹಾಸಿಗೆಯ ಹೊದಿಕೆಯ ಪುಟಕ್ಕೆ ಬಂದವನು ನಗಲಿಲ್ಲ. ಆ ಪುಟವನ್ನು ಬೆರಳಿಟ್ಟು ನಿಧಾನವಾಗಿ, ಬಟ್ಟೆಯ ಅಳತೆ ನೋಡುವ ಹಾಗೆ ಓದಿದ.

"ಇದು ಸರಿಯಾಗಿದೆ ಕಣೇ" ಎಂದ. "ಮೊದಲು ಅರ್ಧ ಸುತ್ತಿ ಬೆನ್ನಿಗೆ ಸೇರಿಸಿ ಇಡ್ಬೇಕು, ಆಮೇಲೆ ಹೊರಳಿಸ್ಬೇಕು. ಅಮ್ಮ ಮಲಗಿದ್ದಾಗ ನನಗೆ ಗೊತ್ತಿರಲಿಲ್ಲ. ಪೂರ್ತಿ ಎತ್ತುತಿದ್ದೆ. ಪಾಪ, ನರಳೋಳು."

ಅತ್ತೆ ಹಾಸಿಗೆ ಹಿಡಿದಿದ್ದ ಅಷ್ಟೂ ತಿಂಗಳು ಹೊದಿಕೆ ಬದಲಿಸಿದ್ದು ಅವನೇ. ಆಕೆ ಆ ಹೊತ್ತಿನಲ್ಲಿ ಕೆಲಸಕ್ಕೆ ಹೋಗಿರುತ್ತಿದ್ದಳು, ಇಲ್ಲವೇ ಅಡುಗೆಮನೆಯಲ್ಲಿ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಆಕೆ ಪ್ರತಿಯನ್ನು ಅವನ ಕೈಯಿಂದ ತೆಗೆದುಕೊಂಡು ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಮೊದಲ ಸಲ ಓದಿದ್ದು ಅಂಚು ನೋಡುವುದಕ್ಕಷ್ಟೇ.

"ಉದ್ದ ಮಾತ್ರ ಹೌದು" ಎಂದಳು.

"ಅದು ಹೌದು" ಎಂದು ಅವನು ಮತ್ತೆ ಸೂಜಿ ಕಚ್ಚಿಕೊಂಡ.

ಮರುದಿನ ಸಿಸ್ಟರ್ ಮಾಲೀಕರ ಕೋಣೆಗೆ ಹೋಗದೆ ನೇರ ಮಹಡಿ ಹತ್ತಿ ಬಂದರು. ಏದುಸಿರು ಬಿಡುತ್ತಾ ಸ್ಟೂಲಿನ ಮೇಲೆ ಕೂತು, ಚೀಲದಿಂದ ಪ್ರತಿಯನ್ನು ತೆಗೆದರು. ಆಕೆ ಎದ್ದು ನಿಂತಳು.

"ಕೂತ್ಕೊಳ್ಳಮ್ಮ. ನಾನು ಜಗಳಕ್ಕೆ ಬಂದಿಲ್ಲ. ಬಂದಿದ್ರೆ ಇಷ್ಟು ಮೆಟ್ಟಿಲು ಹತ್ತುತಿರಲಿಲ್ಲ, ಕೆಳಗಿನಿಂದಲೇ ಕೂಗ್ತಿದ್ದೆ."

"ತಪ್ಪಾಯ್ತು ಸಿಸ್ಟರ್. ನಿಮಗೆ ಬೇಜಾರಾಗಿರುತ್ತೆ."

"ಆಯ್ತು. ರಾತ್ರಿ ಊಟ ಮಾಡ್ಲಿಲ್ಲ. ಆಮೇಲೆ ಯೋಚನೆ ಮಾಡ್ದೆ, ರೋಗಿಗಳು ನನ್ನ ಮುಖಕ್ಕೆ ಔಷಧಿ ಉಗುಳಿದಾರೆ. ಇದು ಬರೀ ಶಾಯಿ." ಅವರು ಒಂದು ಪುಟ ತೆರೆದರು. "ಎತ್ತುವಾಗ ಕೈ ಎಲ್ಲಿ ಹಾಕ್ಬೇಕು ಅಂತ ನಾನು ಬರೆದೇ ಇಲ್ಲ. ನಮಗೆ ಕೈಗೇ ಗೊತ್ತಿರುತ್ತೆ, ಅದಕ್ಕೆ ಬಿಟ್ಟುಹೋಗಿದೆ. ಹೆಗಲ ಕೆಳಗೆ ಅಂತ ಸೇರಿಸಿ."

"ಸೇರಿಸ್ತೀನಿ."

"ಆ ಉಪ್ಪಿನ ಡಬ್ಬಿದು ಮಾತ್ರ ನಾನು ಒಪ್ಪಲ್ಲ. ಪ್ರೀತಿ ಅಲ್ಲೇ ಇರ್ಲಿ."

"ಎಲ್ಲಾ ಕಡೆನೂ?"

"ಉಗುರು ಕತ್ತರಿಸೋ ಕಡೆ ಬೇಕಾದ್ರೆ ತೆಗೀರಿ."

ಆಕೆ ಹೊದಿಕೆಯ ಪುಟವನ್ನು ತಾನಾಗಿಯೇ ತೆರೆದು ತೋರಿಸಿದಳು. "ಇದೊಂದು ನಾನು ಬರೀಬಾರದಿತ್ತು. ನಾನು ಯಾವತ್ತೂ ಯಾರಿಗೂ ಹೊದಿಕೆ ಬದಲಿಸಿಲ್ಲ."

ಸಿಸ್ಟರ್ ಆಕೆಯ ಮುಖವನ್ನು, ಜ್ವರವಿದೆಯೋ ಎಂದು ನೋಡುವ ಹಾಗೆ ನೋಡಿದರು. ಕೆಳಗಿನಿಂದ ಮಾಲೀಕರು ಕೆಮ್ಮುವುದು, ಬಟನ್ ಭಾವ ಏನೋ ಪಿಸುಗುಟ್ಟುವುದು ಕೇಳಿಸುತ್ತಿತ್ತು. ಇಬ್ಬರೂ ಮೆಟ್ಟಿಲ ಬುಡದಲ್ಲೇ ನಿಂತಿದ್ದರು.

"ನಿಮ್ಮ ಕೆಲಸದ ವಿಷಯ ಬೈಂಡರ್ ಹೇಳಿದ" ಎಂದರು ಸಿಸ್ಟರ್, ದನಿ ತಗ್ಗಿಸಿ. "ನೋಡಿ, ನಾನು ಮಾಲೀಕರಿಗೆ ಒಂದು ಮಾತು ಹೇಳ್ಬಿಡ್ತೀನಿ. ಆ ಸಾಲೆಲ್ಲ ನಾನೇ ನನಗೆ ಬರ್ಕೊಂಡಿದ್ದು, ತಿದ್ದೋಕೆ ನೆನಪಿರ್ಲಿ ಅಂತ ಹಾಕಿಸಿದ್ದು ಅಂತ. ಆಸ್ಪತ್ರೆಯವರಿಗೂ ಅದನ್ನೇ ಹೇಳ್ತೀನಿ. ಬರೆದೋಳೇ ತನ್ನನ್ನ ಬೈಕೊಂಡ್ರೆ ಯಾರಿಗೇನು ಕಷ್ಟ? ನಿಮ್ಮ ಕುರ್ಚಿ ನಿಮಗೇ ಇರುತ್ತೆ."

ಆಕೆ ಕುರ್ಚಿಯ ಮೇಲಿನ ದಿಂಬನ್ನು ನೋಡಿದಳು. ಅದರ ಮೇಲೆ ಬಟನ್ ಭಾವ ಕೂತು ಚಿಟಿಕೆ ಹೊಡೆಯುವುದನ್ನು ಊಹಿಸಿಕೊಂಡಳು. 'ಹೂಂ' ಎಂದರೆ ಮುಗಿಯುತ್ತಿತ್ತು, ಅದಕ್ಕೆ ಒಂದೇ ಉಸಿರು ಸಾಕಿತ್ತು. ಸಿಸ್ಟರ್ ಕಾಯುತ್ತಾ ಕೂತರು. ಕಾಯುವುದು ಅವರಿಗೆ ಹೊಸದಲ್ಲ.

"ಬೇಡ ಸಿಸ್ಟರ್."

"ಯಾಕಮ್ಮ? ನನಗೇನೂ ಖರ್ಚಿಲ್ಲ ಇದ್ರಲ್ಲಿ."

"ನನಗಿದೆ. ಕೆಟ್ಟ ಸಾಲುಗಳೇ ಇರಬಹುದು, ನನ್ನವು. ನಿಮ್ಮ ಹೆಸರಲ್ಲಿ ದಾಟಿಸೋಕೆ ಆಗಲ್ಲ." ತಡೆಯಲಾರದೆ ಸೇರಿಸಿದಳು: "ಅಲ್ಲದೆ, ಹೇಳಿದ್ರೂ ಯಾರೂ ನಂಬಲ್ಲ. ಇಡೀ ಪುಸ್ತಕದಲ್ಲಿ ಇಷ್ಟು ಚಿಕ್ಕ ವಾಕ್ಯ ನೀವು ಎಲ್ಲೂ ಬರೆದಿಲ್ಲ."

ಸಿಸ್ಟರ್ ನಕ್ಕ ನಗೆಗೆ ಸ್ಟೂಲು ಕಿರುಗುಟ್ಟಿತು. "ಕೆಲಸ ಹೋದ್ರೆ?"

"ಹೋಗ್ಲಿ. ಕೋಷ್ಟಕ ಇನ್ನೂ ಸರಿಯಾಗಿಲ್ಲ. ಅದನ್ನ ಮುಗಿಸಿಕೊಟ್ಟು ಹೋಗ್ತೀನಿ ಅಂತ ಮಾತ್ರ ಮಾಲೀಕರನ್ನ ಕೇಳ್ತೀನಿ. ಅವನ ಕೈಗೆ ಸಿಕ್ಕಿದ್ರೆ ಯಾವ ಔಷಧಿ ಯಾವ ಹೊತ್ತಿನದು ಅಂತ ದೇವರಿಗೂ ಗೊತ್ತಾಗಲ್ಲ."

"ನಾನೂ ಜೊತೆಗೆ ಬರ್ತೀನಿ, ಒಂದು ಮಾತು ಆಡ್ತೀನಿ."

"ಬನ್ನಿ. ಆದ್ರೆ ಮಾತು ನನ್ನದಾದ ಮೇಲೆ" ಎಂದು ಆಕೆ ಚಪ್ಪಲಿ ಮೆಟ್ಟಿಕೊಂಡಳು. "ಮೆಟ್ಟಿಲು ಸವೆದಿದೆ, ನೀವು ಗೋಡೆ ಹಿಡ್ಕೊಂಡು ನಿಧಾನಕ್ಕೆ ಇಳೀರಿ. ನಾನು ಮುಂದೆ ಹೋಗಿರ್ತೀನಿ."